ಮರಳುದಿಬ್ಬದ ಒಂಟಿ ಆಸನ: ಹೋಂಡಾ ಒಡಿಸ್ಸಿ ಬೆಳೆದ ಬಗೆ

ಒಬ್ಬರಿಗೆ ಮಾತ್ರ ಕೂರಲು ಎಡೆಯಿರುವ, ಬಾಗಿಲಾಗಲಿ ಗಾಜಾಗಲಿ ಇಲ್ಲದ, ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟಿನೊಳಗೆ ಚಾಲಕನನ್ನು ಬೆಲ್ಟಿನಿಂದ ಬಿಗಿದು ಕೂರಿಸಿ, ರಸ್ತೆಯೇ ಇಲ್ಲದ ಮರಳು, ಬಯಲು, ಕುರುಚಲು ಕಾಡುಗಳಲ್ಲಿ ಓಡಿಸಲೆಂದು ರೂಪಿಸಿದ ವಾಹನವನ್ನು ಆಫ್-ರೋಡ್ ಬಗ್ಗಿ ಎನ್ನುತ್ತಾರೆ. ಇಂಥ ಬಗ್ಗಿಗಳಲ್ಲಿ ಬಹುಪಾಲು ಮನೆಯ ಶೆಡ್ಡುಗಳಲ್ಲಿ, ಹಳೆಯ ಕಾರುಗಳ ಭಾಗಗಳಿಂದ ಹುಟ್ಟಿದವು. ದೊಡ್ಡ ಕಾರ್ಖಾನೆಯೊಂದರಲ್ಲಿ ಸಾಲಾಗಿ ತಯಾರಾಗಿ, ಬೈಕು ಮಾರುವ ಅಂಗಡಿಯಲ್ಲೇ ಕೊಳ್ಳಲು ದೊರೆತು, ಕೊಂಡ ದಿನವೇ ಓಡಿಸಬಹುದಾಗಿದ್ದವು ತೀರ ಕಡಿಮೆ. ಆ ಕೆಲವೇ ಬಗ್ಗಿಗಳಲ್ಲಿ ಎತ್ತಿ ಹೇಳಬೇಕಾದದ್ದು ಹೋಂಡಾ ಕಂಪನಿಯು 1977ರಿಂದ 1990ರವರೆಗಿನ ಅವಧಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಕೊಟ್ಟ ಒಡಿಸ್ಸಿ ವಂಶ: ಮೊದಲಿಗೆ ಎಫ್‌ಎಲ್ 250, ಆಮೇಲೆ ಎಫ್‌ಎಲ್ 350ಆರ್, ಕೊನೆಗೆ ಪೈಲಟ್ ಎಂಬ ಹೆಸರಿನ ಎಫ್‌ಎಲ್ 400ಆರ್. ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ಎಂಜಿನ್ನಿನ ಗಾತ್ರ ಹಿಗ್ಗಿದ ಕಥೆಗಿಂತ ಮುಖ್ಯವಾದ ಇನ್ನೊಂದು ಕಥೆ ಕಾಣುತ್ತದೆ. ಹಳ್ಳದಿಣ್ಣೆಯ ನೆಲ ಕೊಡುವ ಏಟನ್ನು ಯಾರು ತಿನ್ನಬೇಕು, ಟೈರೋ, ಸ್ಪ್ರಿಂಗೋ, ಚಾಲಕನ ಬೆನ್ನೋ ಎಂಬ ಪ್ರಶ್ನೆಗೆ ಪ್ರತಿ ಮಾದರಿಯೂ ತನ್ನದೇ ಉತ್ತರ ಕೊಟ್ಟಿತು, ಮತ್ತು ಆ ಉತ್ತರವೇ ಮಾದರಿಯ ಗುಣವನ್ನು ನಿರ್ಧರಿಸಿತು.

ಒಡಿಸ್ಸಿಗೆ ಎರಡು ಕಡೆಯಿಂದ ಪರಂಪರೆ ಹರಿದುಬಂದಿದೆ. ಒಂದು, ಕ್ಯಾಲಿಫೋರ್ನಿಯದ ಕಡಲತೀರದ್ದು. ಅಲ್ಲಿನ ನ್ಯೂಪೋರ್ಟ್ ಬೀಚಿನಲ್ಲಿ ದೋಣಿ ಕಟ್ಟುವ ಕೆಲಸದಲ್ಲಿ ಪಳಗಿದ್ದ ಬ್ರೂಸ್ ಮೇಯರ್ಸ್ ಎಂಬವರು 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಮತ್ತು ಚಕ್ರಭಾಗಗಳಿಗೆ ಫೈಬರ್‌ಗ್ಲಾಸಿನ ಹಗುರ ದೇಹವನ್ನು ಜೋಡಿಸಿ ಮೇಯರ್ಸ್ ಮ್ಯಾಂಕ್ಸ್ ಎಂಬ ಬಗ್ಗಿಯನ್ನು ಮಾಡಿದರು. ಬೀಟಲ್ಲನ್ನೇ ಆರಿಸಿಕೊಂಡದ್ದಕ್ಕೆ ಗಟ್ಟಿಯಾದ ಕಾರಣವಿತ್ತು: ಅದರ ಎಂಜಿನ್ ಹಿಂಭಾಗದಲ್ಲಿ, ಓಡಿಸುವ ಚಕ್ರಗಳ ಮೇಲೆಯೇ ಭಾರ ಹಾಕಿ ಕೂತಿರುವುದರಿಂದ ಸಡಿಲ ಮರಳಿನಲ್ಲಿ ಹಿಡಿತ ತಪ್ಪುವುದಿಲ್ಲ, ಅದು ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ಕಲ್ಲು ತಾಗಿ ಒಡೆಯಲು ಮುಂದುಗಡೆ ರೇಡಿಯೇಟರ್ ಎಂಬುದೇ ಇಲ್ಲ. 1967ರಲ್ಲಿ ಮೆಕ್ಸಿಕೋದ ಟಿಹುವಾನಾದಿಂದ ಲಾ ಪಾಜ್‌ವರೆಗೆ ನಡೆದ, ಮುಂದೆ ಬಾಹಾ 1000 ಎಂದು ಹೆಸರಾದ ಮರುಭೂಮಿ ಓಟದಲ್ಲಿ ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್ ಮ್ಯಾಂಕ್ಸನ್ನು ಓಡಿಸಿ 27 ಗಂಟೆ 38 ನಿಮಿಷಗಳಲ್ಲಿ ಮೊದಲಿಗರಾಗಿ ಬಂದ ಮೇಲೆ ಬಗ್ಗಿಯ ಸಾಮರ್ಥ್ಯವನ್ನು ಯಾರೂ ಸಂದೇಹಿಸಲಿಲ್ಲ. ಆನಂತರದ ವರ್ಷಗಳಲ್ಲಿ ಓಟಗಾರರು ಫೈಬರ್‌ಗ್ಲಾಸಿನ ದೇಹವನ್ನೂ ಕಿತ್ತೊಗೆದು, ಬರಿಯ ಕೊಳವೆಯ ಚೌಕಟ್ಟಿಗೆ ಬೀಟಲ್ ಎಂಜಿನ್ ಕಟ್ಟಿ, ನಡುವೆ ಒಂದೇ ಆಸನವಿಟ್ಟು ಓಡಿದರು. ಸಹಚಾಲಕನ ಭಾರ ಇಲ್ಲವಾದರೆ ಚೌಕಟ್ಟು ಕಿರಿದಾಗುತ್ತದೆ, ಚಾಲಕ ಸರಿಯಾಗಿ ವಾಹನದ ಮಧ್ಯರೇಖೆಯ ಮೇಲೆ ಕೂರುತ್ತಾನೆ, ಎಡಬಲದ ತೂಕ ಸಮನಾಗುತ್ತದೆ. ಒಂಟಿ ಆಸನದ ತರ್ಕ ಇಷ್ಟೇ, ಆದರೆ ಅದರ ಫಲ ದೊಡ್ಡದು.

ಇನ್ನೊಂದು ಪರಂಪರೆ ಹೋಂಡಾದ ಒಳಗಿನದೇ. ಅಮೆರಿಕದ ಹೋಂಡಾ ವ್ಯಾಪಾರಿಗಳಿಗೆ ಚಳಿಗಾಲದಲ್ಲಿ ಬೈಕು ಮಾರಾಟ ತಗ್ಗುತ್ತಿದ್ದುದರಿಂದ, ಹಿಮದ ದಿನಗಳಲ್ಲೂ ಮಾರಬಹುದಾದ ಒಂದು ವಾಹನ ಬೇಕೆಂದು 1967ರಲ್ಲಿ ಅಲ್ಲಿನ ಶಾಖೆ ಜಪಾನಿಗೆ ಕೇಳಿಕೊಂಡಿತು. ಹೊಣೆ ಹೊತ್ತ ಎಂಜಿನಿಯರ್ ಒಸಾಮು ತಾಕೆಯುಚಿ ಎರಡು ಚಕ್ರದಿಂದ ಆರು ಚಕ್ರದವರೆಗೆ ನಾನಾ ವಿನ್ಯಾಸಗಳನ್ನು ಪರೀಕ್ಷಿಸಿ, ಕಡೆಗೆ ಮೂರು ಚಕ್ರಕ್ಕೆ ಬಂದು ನಿಂತರು. ಆದರೆ ಚಕ್ರಗಳ ಸಂಖ್ಯೆಗಿಂತ ದೊಡ್ಡ ಸಮಸ್ಯೆ ಟೈರಿನದಾಗಿತ್ತು. ಬೈಕಿನ ಸಣಕಲು ಟೈರು ಹಿಮದಲ್ಲಿಯೂ ಮರಳಿನಲ್ಲಿಯೂ ಹೂತುಹೋಗುತ್ತದೆ. ನೀರಿನಲ್ಲಿಯೂ ನೆಲದ ಮೇಲೆಯೂ ಓಡಬಲ್ಲ ಆರು ಚಕ್ರದ ಆಂಫಿಕ್ಯಾಟ್ ಎಂಬ ಅಮೆರಿಕನ್ ವಾಹನದ ಉಬ್ಬಿದ, ಮೆತ್ತನೆಯ ಟೈರುಗಳನ್ನು ಕಂಡ ಬಳಿಕ ತಾಕೆಯುಚಿಯವರಿಗೆ ದಾರಿ ತೆರೆಯಿತು. 1970ರಲ್ಲಿ ಯುಎಸ್ 90 ಎಂಬ ಹೆಸರಿನಲ್ಲಿ ಹೊರಬಂದು, ಸ್ವಲ್ಪ ಕಾಲದಲ್ಲೇ ಎಟಿಸಿ 90 ಎಂದು ಹೆಸರು ಬದಲಿಸಿಕೊಂಡ ಆ ಮೂರು ಚಕ್ರದ ವಾಹನಕ್ಕೆ 595 ಡಾಲರ್ ಬೆಲೆಯಿತ್ತು, 22 ಇಂಚಿನ ಟೈರುಗಳಿದ್ದವು, ಸ್ಪ್ರಿಂಗ್ ಮಾತ್ರ ಇರಲಿಲ್ಲ. ಕಾರಿನ ಟೈರಿನಲ್ಲಿ ಸುಮಾರು ಮೂವತ್ತು ಪಿಎಸ್‌ಐ ಒತ್ತಡದ ಗಾಳಿಯಿದ್ದರೆ ಇವುಗಳಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ ಇದ್ದು, ನೆಲದ ಏರಿಳಿತವನ್ನೆಲ್ಲ ಟೈರೇ ನುಂಗಬೇಕಾಗಿತ್ತು. ಒಡಿಸ್ಸಿ ಹುಟ್ಟುವ ಮೊದಲೇ ಅದರ ಮೊದಲ ಉತ್ತರ ಇಲ್ಲಿ ಸಿದ್ಧವಾಗಿತ್ತು.

1977ರ ಎಫ್‌ಎಲ್ 250 ಈ ಎರಡೂ ಧಾರೆಗಳನ್ನು ಕೂಡಿಸಿತು. ಬಗ್ಗಿಯಿಂದ ಕೊಳವೆಯ ಚೌಕಟ್ಟು, ಹಿಂದಿರುವ ಎಂಜಿನ್, ತಗ್ಗಿನ ಆಸನ ಮತ್ತು ಸ್ಟಿಯರಿಂಗ್ ಚಕ್ರ ಬಂದವು. ಎಟಿಸಿಯಿಂದ ಕಡಿಮೆ ಒತ್ತಡದ ಗುಂಡು ಟೈರು ಬಂತು. ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚಿಗೆ ಬಿಗಿಯಲಾಗಿತ್ತು, ಆ ಅಚ್ಚನ್ನು ಸ್ಪ್ರಿಂಗಿನ ಮಧ್ಯಸ್ಥಿಕೆಯಿಲ್ಲದೆ ಚೌಕಟ್ಟಿಗೇ ಕೂಡಿಸಲಾಗಿತ್ತು. ಕಾರಿನ ಹಿಂಬದಿಯ ಅಚ್ಚಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಇರುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರವನ್ನೂ ಒಳಬದಿಯ ಚಕ್ರ ಕಡಿಮೆ ದೂರವನ್ನೂ ಕ್ರಮಿಸಬೇಕಾದ್ದರಿಂದ, ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತುವಂತೆ ಅದು ಬಿಡುವು ಕೊಡುತ್ತದೆ. ಎಫ್‌ಎಲ್ 250ರಲ್ಲಿ ಈ ಬಿಡುವು ಇಲ್ಲ. ಎರಡೂ ಚಕ್ರಗಳು ಒಂದೇ ವೇಗದಲ್ಲಿ ಸುತ್ತುತ್ತವೆಯಾದ್ದರಿಂದ, ಸ್ಟಿಯರಿಂಗನ್ನು ಎಷ್ಟೇ ತಿರುಗಿಸಿದರೂ ವಾಹನ ನೇರಕ್ಕೇ ನುಗ್ಗಲು ಹವಣಿಸುತ್ತದೆ, ಮತ್ತು ಅದನ್ನು ತಿರುಗಿಸಬೇಕಾದರೆ ಚಾಲಕ ವೇಗವರ್ಧಕವನ್ನು ಒತ್ತಿ ಹಿಂಬದಿಯನ್ನು ಬೇಕೆಂದೇ ಜಾರಿಸಬೇಕಾಗುತ್ತದೆ. ಡಾಂಬರಿನ ಮೇಲೆ ದೋಷವೆನಿಸುವ ಈ ಗುಣ ಮರಳಿನ ಮೇಲೆ ವಿದ್ಯೆಯಾಗುತ್ತದೆ. ಸಡಿಲ ನೆಲದಲ್ಲಿ ಡಿಫರೆನ್ಷಿಯಲ್ ಇದ್ದಿದ್ದರೆ ಹಿಡಿತ ತಪ್ಪಿದ ಒಂದು ಚಕ್ರ ಸುಮ್ಮನೆ ಸುತ್ತುತ್ತ, ಇನ್ನೊಂದು ನಿಂತುಬಿಡುವ ಅಪಾಯವಿತ್ತು. ಗಟ್ಟಿ ಅಚ್ಚಿನಲ್ಲಿ ಎರಡೂ ಚಕ್ರಗಳು ಕಡೆಯವರೆಗೆ ದುಡಿಯುತ್ತವೆ. ಹೀಗೆ ಸರಳತೆಯೇ ಇಲ್ಲಿ ಉಪಕರಣವಾಗಿದೆ.

ಈ ಬಗ್ಗಿಯ ಎಂಜಿನ್ ಮತ್ತು ಗತಿಪ್ರಸಾರ ವ್ಯವಸ್ಥೆಯ ಜೋಡಿಯ ಬಗ್ಗೆ ಇನ್ನಷ್ಟು ವಿಸ್ತಾರವಾಗಿ ಹೇಳಬೇಕು. ಎಂಜಿನ್ ಒಂದೇ ಸಿಲಿಂಡರಿನ, 248 ಸಿಸಿ ಗಾತ್ರದ, ಗಾಳಿಯಿಂದ ತಣಿಯುವ ಟೂ-ಸ್ಟ್ರೋಕ್. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುವಷ್ಟರಲ್ಲಿ ಒಂದು ಸ್ಫೋಟ ಮುಗಿಯುವ ಎಂಜಿನ್ನನ್ನು ಟೂ-ಸ್ಟ್ರೋಕ್ ಎನ್ನುತ್ತಾರೆ. ಫೋರ್-ಸ್ಟ್ರೋಕಿನಲ್ಲಿ ಅದೇ ಕೆಲಸಕ್ಕೆ ಎರಡು ಸುತ್ತು ಬೇಕು. ಹೆಚ್ಚುಕಡಿಮೆ ಇದೇ ಗಾತ್ರದ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಯೆಜ್ಡಿ ಬೈಕುಗಳಿಗೆ ಕೂಡಿಸುತ್ತಿದ್ದುದರಿಂದ ಅದರ ಸದ್ದು, ಹೊಗೆ ಮತ್ತು ಎಳೆತಗಳ ಪರಿಚಯ ಕರ್ನಾಟಕದ ಹಳೆಯ ಸವಾರರಿಗೆ ಚೆನ್ನಾಗಿಯೇ ಇದೆ. ಕವಾಟಗಳಿಲ್ಲದ ಈ ಎಂಜಿನ್ ಹಗುರ, ಬಿಚ್ಚಿ ಜೋಡಿಸಲು ಸುಲಭ, ಗಾತ್ರಕ್ಕೆ ಮೀರಿದ ಶಕ್ತಿಯುಳ್ಳದ್ದು. ಅದರ ಕೊರತೆಯೆಂದರೆ ಆ ಶಕ್ತಿ ಎಲ್ಲ ವೇಗದಲ್ಲೂ ಸಮನಾಗಿ ದೊರೆಯದಿರುವುದು: ನಿಮಿಷಕ್ಕೆ ಇಷ್ಟರಿಂದ ಇಷ್ಟು ಸುತ್ತು ಎಂಬ ಕಿರಿದಾದ ಪಟ್ಟಿಯೊಳಗೆ ಮಾತ್ರ ಅದು ಉಕ್ಕುತ್ತದೆ, ಪಟ್ಟಿಯಿಂದ ಕೆಳಕ್ಕಿಳಿದರೆ ಸೊರಗುತ್ತದೆ. ಮೋಟೋಕ್ರಾಸ್ ಸವಾರ ಇದಕ್ಕಾಗಿಯೇ ಎಡೆಬಿಡದೆ ಗೇರು ಬದಲಿಸುತ್ತಾನೆ. ಮರಳುದಿಬ್ಬವನ್ನು ಏರುವಾಗ ಗೇರು ಬದಲಿಸಲು ಕ್ಲಚ್ ಒತ್ತಿದರೆ ಆ ಒಂದು ಕ್ಷಣದಲ್ಲೇ ವಾಹನದ ವೇಗ ಸತ್ತು ಚಕ್ರಗಳು ಹೂತುಹೋಗುತ್ತವೆ.

ಹೋಂಡಾ ಇದಕ್ಕೆ ಕಂಡುಕೊಂಡ ಪರಿಹಾರ ಗೇರೇ ಇಲ್ಲದ ಬೆಲ್ಟ್ ವ್ಯವಸ್ಥೆ. ಎಂಜಿನ್ನಿನ ಕಡೆ ಒಂದು, ಚಕ್ರದ ಕಡೆ ಒಂದು ಎಂದು ಎರಡು ರಾಟೆಗಳಿರುತ್ತವೆ. ಪ್ರತಿ ರಾಟೆಯೂ ಎದುರುಬದುರಾಗಿ ನಿಂತ ಎರಡು ಓರೆ ತಟ್ಟೆಗಳಿಂದಾದದ್ದು. ಎಂಜಿನ್ ಜೋರಾದಂತೆಲ್ಲ ಅದರ ಕಡೆಯ ರಾಟೆಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಹತ್ತಿರಕ್ಕೆ ಒತ್ತುತ್ತವೆ, ನಡುವಿನ ಬೆಲ್ಟು ಅಂಚಿನತ್ತ ಏರುತ್ತದೆ. ಅದೇ ಹೊತ್ತಿಗೆ ಚಕ್ರದ ಕಡೆಯ ರಾಟೆಯ ತಟ್ಟೆಗಳು ಸ್ಪ್ರಿಂಗಿನ ವಿರುದ್ಧ ಬಾಯ್ತೆರೆದು, ಅಲ್ಲಿ ಬೆಲ್ಟು ಒಳಕ್ಕೆ ಇಳಿಯುತ್ತದೆ. ಗೇರಿನ ಅನುಪಾತ ಮೆಟ್ಟಿಲು ಮೆಟ್ಟಿಲಾಗಿ ಬದಲಾಗದೆ ಹರಿವಿನಂತೆ ಬದಲಾಗುವುದರಿಂದ ಇದನ್ನು ಸಿವಿಟಿ ಎಂದು ಕರೆಯುತ್ತಾರೆ. ಎಂಜಿನ್ನನ್ನು ಅದರ ಕಿರಿದಾದ ಶಕ್ತಿಪಟ್ಟಿಯೊಳಗೇ ಹಿಡಿದಿಟ್ಟು, ಅನುಪಾತವನ್ನಷ್ಟೇ ಬದಲಿಸುವುದು ಇದರ ಹೆಚ್ಚುಗಾರಿಕೆ. ಟೂ-ಸ್ಟ್ರೋಕಿನ ಕೊರತೆ ಮತ್ತು ಬೆಲ್ಟಿನ ಸಾಮರ್ಥ್ಯ ಒಂದಕ್ಕೊಂದು ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡ ಉದಾಹರಣೆ ಸಣ್ಣ ವಾಹನಗಳಲ್ಲಿ ಅಪರೂಪ. ಇದೇ ಜೋಡಿಯನ್ನು 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರ್ ಭಾರತದ ಬೀದಿಗಳಿಗೆ ತಂದಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯಿಂದ ಹೊರಬರುವ ಗೇರಿಲ್ಲದ ಸ್ಕೂಟರುಗಳಲ್ಲಿ ಎಂಜಿನ್ ಫೋರ್-ಸ್ಟ್ರೋಕ್ ಆಗಿದ್ದರೂ ಬೆಲ್ಟು ಮತ್ತು ಓರೆ ತಟ್ಟೆಗಳ ತತ್ತ್ವ ಅದೇ ಆಗಿದೆ. ಬೆಲ್ಟಿಗೆ ತನ್ನವೇ ದೌರ್ಬಲ್ಯಗಳಿವೆ. ನೀರು ತಾಗಿದರೆ ಅದು ಜಾರುತ್ತದೆ, ಭಾರ ಹೊತ್ತು ನಿಧಾನವಾಗಿ ಹೆಚ್ಚು ಹೊತ್ತು ದುಡಿದರೆ ಕಾಯುತ್ತದೆ, ಸವೆದ ಬೆಲ್ಟು ವೇಗವನ್ನು ಸದ್ದಿಲ್ಲದೆ ಕದಿಯುತ್ತದೆ. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಮರಳಿನ ಮಟ್ಟಿಗೆ ಇದಕ್ಕಿಂತ ಸರಿಯಾದ ಆಯ್ಕೆ ಆ ಕಾಲದಲ್ಲಿ ಇರಲಿಲ್ಲ.

ಇಷ್ಟಾದರೂ ಮೊದಲ ಪ್ರಶ್ನೆ ಉಳಿದೇ ಇತ್ತು. ಹಿಂಬದಿಯಲ್ಲಿ ಸ್ಪ್ರಿಂಗ್ ಇಲ್ಲದ ಬಗ್ಗಿ ದಿಬ್ಬದ ನೆತ್ತಿಯಿಂದ ಹಾರಿ ಇಳಿದಾಗ ಟೈರು ತಾಳುವಷ್ಟನ್ನು ತಾಳಿ, ಮಿಕ್ಕ ಏಟನ್ನು ಆಸನದ ಮೂಲಕ ಬೆನ್ನುಮೂಳೆಗೆ ದಾಟಿಸುತ್ತದೆ. ಬೈಕು ಅಥವಾ ಎಟಿಸಿಯ ಸವಾರ ಕಾಲಿನ ಮೇಲೆ ಎದ್ದು ನಿಂತು ಮೊಣಕಾಲಿನಿಂದ ಏಟನ್ನು ತಡೆಯಬಲ್ಲ. ಬಗ್ಗಿಯಲ್ಲಿ ಬೆಲ್ಟು ಬಿಗಿದು ಕೂತವನಿಗೆ ಆ ಅವಕಾಶವೂ ಇಲ್ಲ. ಮೆತ್ತನೆಯ ಗುಂಡು ಟೈರಿಗೆ ಇನ್ನೊಂದು ಅವಗುಣವಿದೆ: ಅದು ಸ್ಪ್ರಿಂಗಿನಂತೆ ಅದುಮಿಕೊಳ್ಳುತ್ತದೆ, ಆದರೆ ಹಿಂದಕ್ಕೆ ಪುಟಿಯುವುದನ್ನು ತಡೆಯುವ ಡ್ಯಾಂಪರ್ ಅದರೊಳಗೆ ಇಲ್ಲ. ಸಾಲು ಸಾಲು ಉಬ್ಬುಗಳ ಮೇಲೆ ವೇಗವಾಗಿ ಹೋದರೆ ಪುಟಿತ ಒಂದರ ಮೇಲೊಂದು ಕೂಡಿಕೊಂಡು ವಾಹನವೇ ಕುಣಿಯತೊಡಗುತ್ತದೆ. ಎಫ್‌ಎಲ್ 250 ಇದೇ ಮೂಲವಿನ್ಯಾಸದೊಂದಿಗೆ, ನಡುನಡುವೆ ತಿದ್ದುಪಡಿಗಳನ್ನು ಕಾಣುತ್ತ, 1984ರವರೆಗೆ ಮಾರಾಟವಾಯಿತು. ಕ್ಯಾಲಿಫೋರ್ನಿಯದ ಗ್ಲಾಮಿಸ್ ಸುತ್ತಲಿನ ವಿಶಾಲ ಮರಳುದಿಬ್ಬಗಳಲ್ಲಿ, ದಿಬ್ಬದಾಚೆಯಿಂದ ಬರುವವರಿಗೆ ಕಾಣಲೆಂದು ಉದ್ದನೆಯ ಕಡ್ಡಿಯ ತುದಿಯಲ್ಲಿ ಬಾವುಟ ಕಟ್ಟಿಕೊಂಡು ಓಡುವ ವಾಹನಗಳ ನಡುವೆ ಅದು ಬಹುಕಾಲ ನೆಲೆ ನಿಂತಿತು.

1985ರ ಎಫ್‌ಎಲ್ 350ಆರ್ ಒಂದೇ ವರ್ಷದ ಮಾದರಿ. ಹಿಂಬದಿಗೆ ಸ್ಪ್ರಿಂಗು ಮತ್ತು ಡ್ಯಾಂಪರ್ ಬಂದದ್ದು, ಹಿಂದಕ್ಕೆ ಚಲಿಸುವ ರಿವರ್ಸ್ ಸೌಲಭ್ಯ ಸೇರಿದ್ದು ಇದರಲ್ಲಿಯೇ. ಏಟನ್ನು ತಿನ್ನುವ ಹೊಣೆ ಟೈರಿನಿಂದ ಸಸ್ಪೆನ್ಶನ್‌ಗೆ, ಅಂದರೆ ಚಕ್ರವು ಚೌಕಟ್ಟಿನಿಂದ ಬಿಡಿಯಾಗಿ ಮೇಲೆ ಕೆಳಗೆ ಆಡಲು ಎಡೆಕೊಡುವ ತೋಳು ಮತ್ತು ಸ್ಪ್ರಿಂಗುಗಳ ವ್ಯವಸ್ಥೆಗೆ ದಾಟಿತು. ಸಂಗ್ರಾಹಕರು ಈ ಮಾದರಿಯನ್ನು ಅದರ ವಿರಳತೆಗಾಗಿ ಹುಡುಕುತ್ತಾರೆ. ವಿನ್ಯಾಸದ ದೃಷ್ಟಿಯಿಂದ ಅದನ್ನು ಹಳೆಯದಕ್ಕೂ ಮುಂದಿನದಕ್ಕೂ ನಡುವಣ ಸೇತುವೆಯೆಂದು ಎಣಿಸುವುದೇ ನ್ಯಾಯ.

ಮುಂದಿನ ಹೆಜ್ಜೆಯನ್ನು ಅರಿಯಬೇಕಾದರೆ ಆ ವರ್ಷಗಳ ಅಮೆರಿಕದ ಪರಿಸ್ಥಿತಿಯನ್ನು ನೆನೆಯಬೇಕು. ಎಟಿಸಿಯ ದಾರಿ ಹಿಡಿದ ಮೂರು ಚಕ್ರದ ವಾಹನಗಳು ಲಕ್ಷಗಟ್ಟಲೆ ಮಾರಾಟವಾಗಿ, ಅವುಗಳ ಮೇಲಿಂದ ಬಿದ್ದು ಗಾಯಗೊಂಡವರ, ಸತ್ತವರ ಸಂಖ್ಯೆಯೂ ಏರಿತ್ತು. ಸತ್ತವರಲ್ಲಿ ಮಕ್ಕಳೂ ಇದ್ದರು. ಮುಂದೆ ಒಂದೇ ಚಕ್ರವಿರುವ ವಾಹನ ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆ, ಅದನ್ನು ಸಂಭಾಳಿಸಲು ಸವಾರ ಇಡೀ ದೇಹವನ್ನು ಒಂದು ಬದಿಗೆ ವಾಲಿಸಬೇಕು, ಆ ಕೌಶಲ ಕಲಿಯದವರ ಕೈಗೂ ಅದು ಸುಲಭವಾಗಿ ಸಿಗುತ್ತಿತ್ತು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೂಡಿದ ಮೊಕದ್ದಮೆಯ ಫಲವಾಗಿ 1988ರಲ್ಲಿ ನ್ಯಾಯಾಲಯದ ಒಪ್ಪಿಗೆಯೊಡನೆ ಒಪ್ಪಂದವೊಂದು ಏರ್ಪಟ್ಟು, ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ಮತ್ತು ಪೊಲಾರಿಸ್ ಕಂಪನಿಗಳು ಹೊಸ ಮೂರು ಚಕ್ರದ ವಾಹನಗಳ ಮಾರಾಟವನ್ನು ನಿಲ್ಲಿಸಿದವು. ಬೈಕಿನಂತೆ ಮೇಲೆ ಹತ್ತಿ ಕೂರುವ ನಾಲ್ಕು ಚಕ್ರದ ಎಟಿವಿಗಳು ಅವುಗಳ ಜಾಗವನ್ನು ತುಂಬಿದವು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ವಾಹನ ಮಗುಚಿಯೇ ಮಗುಚುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಮಗುಚಿದಾಗ ಚಾಲಕ ಅದರ ಅಡಿಗೆ ಸಿಲುಕದಂತೆ ತಲೆಯ ಮೇಲೆ ರಕ್ಷಣಾ ಕಮಾನನ್ನೂ ಎದೆಗೆ ಬೆಲ್ಟನ್ನೂ ಕೊಟ್ಟ ವಿನ್ಯಾಸ ಹೋಂಡಾದ ಬಳಿ ಹತ್ತು ವರ್ಷಗಳಿಂದಲೂ ಇತ್ತು. ಮೇಲೆ ಕೂರುವ ವಾಹನದಲ್ಲಿ ಸವಾರನ ಚಾಣಾಕ್ಷತೆಯೇ ರಕ್ಷೆ. ಒಳಗೆ ಕೂರುವ ವಾಹನದಲ್ಲಿ ಚೌಕಟ್ಟು ರಕ್ಷೆ. ಮಾರುಕಟ್ಟೆ ಆಗ ಮೊದಲನೆಯದನ್ನು ಆರಿಸಿಕೊಂಡಿತು, ಮತ್ತು ಆ ಆಯ್ಕೆ ತಪ್ಪಾಗಿತ್ತೆಂದು ಈಗ ಹಿಂತಿರುಗಿ ನೋಡಿದಾಗ ಹೇಳದಿರಲು ಸಾಧ್ಯವಿಲ್ಲ.

ಇಂಥ ಹೊತ್ತಿನಲ್ಲಿ 1989ರಲ್ಲಿ ಬಂದದ್ದು ಪೈಲಟ್. ಅದರ ಎಂಜಿನ್ 397 ಸಿಸಿಯ, ದ್ರವದಿಂದ ತಣಿಯುವ ಟೂ-ಸ್ಟ್ರೋಕ್. ಗತಿಪ್ರಸಾರ ಹಿಂದಿನಂತೆಯೇ ಬೆಲ್ಟಿನದು. ಗಾಳಿಯಿಂದ ತಣಿಯುವ ಎಂಜಿನ್ ಮರಳಿನಲ್ಲಿ ಹೆಣಗುವುದು ಸಹಜ, ಏಕೆಂದರೆ ಅಲ್ಲಿ ಎಂಜಿನ್ನಿನ ಮೇಲೆ ಹೊರೆ ಹೆಚ್ಚು, ವಾಹನದ ವೇಗ ಕಡಿಮೆ. ಬೇಕಾದಷ್ಟು ಗಾಳಿ ಬೀಸುವುದೇ ಇಲ್ಲ. ದ್ರವದ ಸುತ್ತೋಟ ಈ ತೊಡಕನ್ನು ನಿವಾರಿಸಿತು. ಇದಕ್ಕಿಂತ ಮಿಗಿಲಾದ ಬದಲಾವಣೆ ನಾಲ್ಕೂ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಆಡುವಂತೆ ಮಾಡಿದ ಸ್ವತಂತ್ರ ಸಸ್ಪೆನ್ಶನ್. ಒಂದು ಚಕ್ರ ಕಲ್ಲನ್ನು ಹತ್ತಿದರೆ ಇಡೀ ಅಚ್ಚು ಓರೆಯಾಗುತ್ತಿದ್ದ ಹಿಂದಿನ ಬಗ್ಗಿಗೂ, ಆ ಒಂದೇ ಚಕ್ರ ಮೇಲೆದ್ದು ಉಳಿದ ಮೂರು ನೆಲವನ್ನು ಬಿಡದೆ ಹಿಡಿದಿರುವ ಪೈಲಟ್‌ಗೂ ಇರುವ ಅಂತರ ತಲೆಮಾರಿನ ಅಂತರ. ವೇಗವರ್ಧಕವನ್ನೂ ಬ್ರೇಕನ್ನೂ ಪಾದದಿಂದ ತೆಗೆದು ಸ್ಟಿಯರಿಂಗ್ ಹಿಡಿಯ ಮೇಲೆ, ಬೆರಳುಗಳ ಅಳವಿಗೆ ತರಲಾಗಿತ್ತು. ಕುಲುಕಾಟದಲ್ಲಿ ಪಾದ ತಾನಾಗಿ ಎಗರಿ ಪೆಡಲನ್ನು ಒತ್ತಿಬಿಡುವ ಭಯ ಇದರಿಂದ ತಪ್ಪುತ್ತದೆ. ಎರಡೂ ಕೈಗಳಿಗೆ ಸದಾ ಹಿಡಿಯ ಮೇಲೆಯೇ ಕೆಲಸವಿರುವುದರಿಂದ, ಮಗುಚುವಾಗ ಅಳ್ಳಕವಾದ ಕೈಯನ್ನು ಚೌಕಟ್ಟಿನ ಹೊರಗೆ ಚಾಚುವ ಅಪಾಯಕಾರಿ ಚಾಳಿಗೂ ಅದು ಕಡಿವಾಣ ಹಾಕುತ್ತದೆ. ಇಷ್ಟು ಪ್ರೌಢವಾಗಿದ್ದ ಪೈಲಟ್ 1990ರ ಮಾದರಿಯೊಂದಿಗೆ ಮುಗಿದುಹೋಯಿತು. ಒಡಿಸ್ಸಿ ಎಂಬ ಹೆಸರನ್ನು ಹೋಂಡಾ 1994ರಲ್ಲಿ ಸಂಸಾರ ಸಮೇತ ಪಯಣಿಸುವ ದೊಡ್ಡ ಕಾರಿಗೆ ಕೊಟ್ಟಿತು.

ವಿನ್ಯಾಸದ ಹುರುಳು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 2004ರ ಮಾದರಿಯಾಗಿ ಬಂದ ಯಮಹಾ ರೈನೋ, 2008ರ ಮಾದರಿಯಾಗಿ ಬಂದ ಪೊಲಾರಿಸ್ ಆರ್‌ಝಡ್‌ಆರ್ ಮುಂತಾದ ವಾಹನಗಳಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಕೂರುತ್ತಾರೆಂಬುದನ್ನು ಬಿಟ್ಟರೆ, ಕೊಳವೆಯ ಚೌಕಟ್ಟು, ಬಿಗಿಯುವ ಬೆಲ್ಟು, ಸ್ವತಂತ್ರ ಸಸ್ಪೆನ್ಶನ್, ಸಿವಿಟಿ ಎಂಬ ನಾಲ್ಕು ಆಧಾರಗಳೂ ಪೈಲಟ್‌ನಲ್ಲಿ ಕೂಡಿಬಂದವೇ ಆಗಿವೆ. 2014ರಲ್ಲಿ ಪೊಲಾರಿಸ್ ಏಸ್ ಎಂಬ ಒಂಟಿ ಆಸನದ ವಾಹನವನ್ನೂ ಹೊರತಂದಿತು.

ಹಳೆಯ ಒಡಿಸ್ಸಿಗಳನ್ನು ಕೂಡಿಡುವವರಲ್ಲಿ ಎರಡು ಪಂಗಡಗಳಿವೆ. ಮೂಲ ಎಂಜಿನ್ನನ್ನು ತೆಗೆದು ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಎರಡು ಸಿಲಿಂಡರಿನ ಎಂಜಿನ್ನನ್ನು ಕೂರಿಸುವವರದು ಒಂದು. ಬಣ್ಣದ ಚೂರೂ ಬದಲಾಗದಂತೆ ಕಾಪಾಡುವವರದು ಇನ್ನೊಂದು. ಮೊದಲ ಪಂಗಡದ ಉತ್ಸಾಹ ಅರ್ಥವಾಗುವಂಥದೇ ಆದರೂ ಎಫ್‌ಎಲ್ 250ರ ಮಟ್ಟಿಗೆ ಅದು ನಷ್ಟ. ಆ ಚೌಕಟ್ಟು, ಆ ಅಚ್ಚು, ಆ ಟೈರುಗಳು 248 ಸಿಸಿಯ ಶಕ್ತಿಗೆ ಅಳೆದು ಮಾಡಿದವು. ಹೆಚ್ಚಿನ ಬಲ ಹೇರಿದಾಗ ಬೆಸುಗೆಗಳ ಬಳಿ ಬಿರುಕು ಕಾಣುವುದು, ಅಚ್ಚಿನ ಬೇರಿಂಗುಗಳು ಬೇಗ ಸವೆಯುವುದು ನಿರೀಕ್ಷಿತವೇ. ಹಳೆಯ ಬಗ್ಗಿಯನ್ನು ಪರೀಕ್ಷಿಸುವವರು ಹೊಳಪಿಗೆ ಮರುಳಾಗದೆ ಮೊದಲು ಚೌಕಟ್ಟಿನ ಕೂಡುಗಳನ್ನು, ಆಮೇಲೆ ಗಾಳಿ ಸೋಸುವ ಫಿಲ್ಟರನ್ನು ನೋಡಬೇಕು, ಏಕೆಂದರೆ ಸೋಸದೆ ಒಳಹೊಕ್ಕ ನುಣ್ಣನೆಯ ಮರಳು ಟೂ-ಸ್ಟ್ರೋಕಿನ ಸಿಲಿಂಡರನ್ನು ಅರದಂತೆ ತೇಯುತ್ತದೆ.

ಮೂರರಲ್ಲಿ ಯಾವುದು ಮೇಲು ಎಂಬುದಕ್ಕೆ ಖಚಿತವಾಗಿಯೇ ಉತ್ತರಿಸಬಹುದು. ವಾಹನವಾಗಿ ಪೈಲಟ್ ಶ್ರೇಷ್ಠ. ಚಾಲನೆಯ ಪಾಠಶಾಲೆಯಾಗಿ ಎಫ್‌ಎಲ್ 250 ಶ್ರೇಷ್ಠ. ಪೈಲಟ್ ಚಾಲಕನ ತಪ್ಪುಗಳನ್ನು ಕ್ಷಮಿಸುತ್ತದೆ, ಎಫ್‌ಎಲ್ 250 ಅವನ್ನು ಬೆನ್ನಿಗೇ ಮುಟ್ಟಿಸುತ್ತದೆ, ಮತ್ತು ನೆಲವನ್ನು ದೂರದಿಂದಲೇ ಓದುವ ಕಣ್ಣು ಬೆಳೆಯುವುದು ಈ ಎರಡನೆಯದರಲ್ಲಿ.

ಒಂಟಿ ಆಸನದ ಬಗ್ಗಿಯ ವಿದ್ಯೆ ಭಾರತದಲ್ಲಿ ಬದುಕಿರುವುದು ಅಂಗಡಿಗಳಲ್ಲಿ ಅಲ್ಲ, ಇಂಜಿನಿಯರಿಂಗ್ ಕಾಲೇಜುಗಳ ಕಾರ್ಯಾಗಾರಗಳಲ್ಲಿ. ಎಫ್‌ಎಲ್ 250 ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1976ರಲ್ಲಿ, ಅಮೆರಿಕದ ಸೌತ್ ಕೆರೊಲೈನಾ ವಿಶ್ವವಿದ್ಯಾಲಯದಲ್ಲಿ ಬಾಹಾ ಎಸ್‌ಎಇ ಎಂಬ ವಿದ್ಯಾರ್ಥಿ ಸ್ಪರ್ಧೆ ಮೊದಲಾಯಿತು. ಒಬ್ಬ ಚಾಲಕನಿಗೆ ಮಾತ್ರ ಆಸನ, ಕಡ್ಡಾಯವಾಗಿ ಕೊಳವೆಯ ಪಂಜರ, ಎಲ್ಲರಿಗೂ ಒಂದೇ ಬಗೆಯ ಸಣ್ಣ ಎಂಜಿನ್, ಕಡೆಯಲ್ಲಿ ನಾಲ್ಕು ಗಂಟೆಗಳ ತಾಳಿಕೆಯ ಓಟ ಎಂಬುದು ಅದರ ಚೌಕಟ್ಟು. ಅದರ ಭಾರತೀಯ ರೂಪ 2007ರಿಂದ, ಮಧ್ಯಪ್ರದೇಶದ ಇಂದೋರ್ ಬಳಿಯ ಪೀಥಂಪುರವನ್ನು ಮುಖ್ಯ ನೆಲೆಯಾಗಿಸಿಕೊಂಡು ನಡೆದುಬಂದಿದ್ದು, ಕರ್ನಾಟಕದ ಕಾಲೇಜುಗಳ ತಂಡಗಳೂ ಅದರಲ್ಲಿ ಪಾಲ್ಗೊಳ್ಳುತ್ತ ಬಂದಿವೆ. ಎಂಜಿನ್ ಎಲ್ಲರಿಗೂ ಒಂದೇ ಆದ್ದರಿಂದ ಆ ವಿದ್ಯಾರ್ಥಿಗಳ ಜಾಣ್ಮೆಯೆಲ್ಲ ಹರಿಯಬೇಕಾದದ್ದು ಗತಿಪ್ರಸಾರದ ಅನುಪಾತಕ್ಕೆ, ಚೌಕಟ್ಟಿನ ತೂಕಕ್ಕೆ ಮತ್ತು ಸಸ್ಪೆನ್ಶನ್ನಿಗೆ. ಹೋಂಡಾದ ಎಂಜಿನಿಯರುಗಳು ಹದಿಮೂರು ವರ್ಷಗಳಲ್ಲಿ ಎದುರಿಸಿದ ಪ್ರಶ್ನೆಗಳನ್ನೇ ಅವರು ಒಂದು ಶೈಕ್ಷಣಿಕ ವರ್ಷದೊಳಗೆ ಎದುರಿಸುತ್ತಾರೆ. ಹೊಸ ಬಗ್ಗಿಗೆ ಭಾಗಗಳು ಬೇಕೆಂದು ಹಳೆಯ ಬಗ್ಗಿಯನ್ನು ಕತ್ತರಿಸಿಹಾಕುವ ಬದಲು, ಪ್ರತಿ ಕಾಲೇಜೂ ತನ್ನ ತಂಡಗಳು ಕಟ್ಟಿದ ಬಗ್ಗಿಗಳಲ್ಲಿ ಒಂದನ್ನಾದರೂ ಅದರ ನಕ್ಷೆ, ಲೆಕ್ಕಾಚಾರ ಮತ್ತು ವೈಫಲ್ಯಗಳ ಟಿಪ್ಪಣಿಯೊಂದಿಗೆ ಇಡಿಯಾಗಿ ಉಳಿಸಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಕಾರ್ಯಾಗಾರದ ಮೂಲೆಯಲ್ಲಿ ಒಂದಿಷ್ಟು ಜಾಗ ಮತ್ತು ಹೊಣೆ ಹೊರುವ ಒಬ್ಬ ಅಧ್ಯಾಪಕರು.